ಮಸ್ಕಿಯ ಭಜನೆಗೆ ಜಾಝ್ ಹೊಕ್ಕ ಸೋಮವಾರ

೧೯೫೪ ಆಗಸ್ಟ್ ೯, ಸೋಮವಾರ. ಮಧ್ಯಾಹ್ನ ಮೂರೂವರೆಗೆ ಮಸ್ಕಿಯ ಮಠದಲ್ಲಿ ಭಜನೆ ಶುರುವಾಯಿತು.

ನನ್ನ ಸೋದರಮಾವ ಸಿಕಂದರಾಬಾದಿನಲ್ಲಿ ವಿಲಾಯತಿ ಶಾಸ್ತ್ರೀಯ ಗಿಟಾರ್ ಕಲಿತು ಲಿಂಗಸುಗೂರಿಗೆ ಮರಳಿದ್ದ. ಸಿಂಧನೂರಿನ ಮದುವೆಯವರು ಇವನಿಗಿಂತ ಬ್ಯಾಂಡಿನವರೇ ವಾಸಿ ಅಂದಿದ್ದರು. ಅವನ ಗಿಟಾರ್ ಕೇಳುವವರಾಗಿ ಉಳಿದದ್ದು ಈ ಭಜನೆಯವರು ಮಾತ್ರ. ಅಲ್ಲೂ ಜಾಗ ಹೋದರೆ ಗೋಡೆಯ ಮುಂದೆ ಬಾರಿಸಬೇಕಿತ್ತು.

ಆದರೆ ರೇಡಿಯೋದಿಂದ ಅವನಿಗೆ ಜಾಝ್ ಹುಚ್ಚು ಹತ್ತಿತ್ತು. ಅಂದು ತಾಳದ ಪೆಟ್ಟು ಬೀಳುವಲ್ಲಿ ಬಿಟ್ಟು, ಬೀಳದ ಕಡೆ ಗಿಟಾರ್ ಮೀಟಿದ.

ಹಾರ್ಮೋನಿಯಂ ಹಿಡಿದಿದ್ದ ಹಿರಿಯರು ಕಣ್ಣು ಬಿಟ್ಟರು. “ಲೇ, ತಾಳ ತಪ್ಪಿದಿ. ಕೆಳಗಿಡು.”

ತಾಳ ತಪ್ಪಿದವನು ಹಾಡು ಮುಗಿಯುವ ತನಕ ವಾದ್ಯ ಕೆಳಗಿಟ್ಟು ಬರೀ ಚಪ್ಪಾಳೆ ತಟ್ಟಬೇಕೆಂಬುದು ಅಲ್ಲಿನ ಕಟ್ಟಳೆ.

“ತಪ್ಪಿಲ್ಲರೀ, ಇದು ಜಾಝ್.”

“ಏನರ ಇರಲಿ. ಶಿವನ ಮುಂದ ಕೆಳಗಿಡು.”

ಮಾವ ಇಟ್ಟ. ಆದರೆ ಚಪ್ಪಾಳೆಯನ್ನೂ ಪೆಟ್ಟುಗಳ ಸಂದಿಯಲ್ಲೇ ತಟ್ಟಿದ. ಅವನ ಕೈ ನೋಡುತ್ತ ತಾಳ ಕುಟ್ಟುವವರು ಲಯ ತಪ್ಪಿದರು, ಆಮೇಲೆ ದಮ್ಮಡಿ ಬಡಿಯುತ್ತಿದ್ದವನು. ತಪ್ಪಿದವರೆಲ್ಲ ವಾದ್ಯ ಕೆಳಗಿಟ್ಟು ಮಾವನ ಹಾಗೆಯೇ ತಟ್ಟತೊಡಗಿದರು. ಕೊನೆಗೆ ಹಿರಿಯರೇ ತಪ್ಪಿದರು. ಮೂಲೆಯಲ್ಲಿ ಕೂತು ತಪ್ಪಿದವರ ಲೆಕ್ಕ ಬರೆಯುತ್ತಿದ್ದ ನಾನು ಡೈರಿಯಲ್ಲಿ ಅವರ ಹೆಸರಿಗೂ ಒಂದು ಗೀಟು ಎಳೆದೆ.

“ಅಜ್ಜಾರ, ನೀವೂ ಕೆಳಗಿಡ್ರಿ,” ಅಂದ ದಮ್ಮಡಿಯವ.

ಹಿರಿಯರು ಹಾರ್ಮೋನಿಯಂ ಮುಚ್ಚಿದರು. “ಇವನ ಕೈಯಾಗ ಗಿಟಾರೇ ಇರಲಿ ಬಿಡ್ರಿ. ಖಾಲಿ ಬಿಟ್ರ ಎಲ್ಲಾರ್ನೂ ಕೆಡಿಸ್ತಾನ!”

ಹೀಗೆ ಮಾವನ ಜಾಗ ಉಳಿಯಿತು. ೧೯೫೬ರಲ್ಲಿ ಅವನು ಮುಂಬಯಿಗೆ ಹೋದ. ಅಲ್ಲಿ ಯಾವ ಹೋಟೆಲಿನಲ್ಲಿ ಬಾರಿಸಿದನೋ ಗೊತ್ತಿಲ್ಲ. ಅವನ ಗಿಟಾರ್ ಕೇಳಿದವರಿದ್ದರೆ ದಯವಿಟ್ಟು ತಾರೀಖು ಹಾಕಿ ನನಗೆ ಬರೆಯಿರಿ. ಹೊಗಳಬೇಕಾಗಿಲ್ಲ.