ಓಡದ ಪ್ರೋಗ್ರಾಮಿನ ಔಟ್‌ಪುಟ್

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕಿತ್ತು. ಒಳಗಿನ ಯಂತ್ರಗಳಿಗೆ ಧೂಳು ತಾಗಬಾರದಂತೆ. ಆ ಯಂತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ನಾವು ಸೇರುವ ಮೊದಲೇ ಕೆಟ್ಟು ಕೂತಿದ್ದವು. ಉಳಿದವುಗಳ ಮುಂದೆ ಹುಡುಗರು ಓಡಿಹೋಗಿ ಕೂರುತ್ತಿದ್ದರು. ನಾವು ಹುಡುಗಿಯರು ಅವರ ಬೆನ್ನ ಹಿಂದೆ ನಿಂತು ನೋಡಬೇಕು. ನೋಡಿದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ಬರೆಯಬೇಕು. ಅದಕ್ಕೆ ಲ್ಯಾಬ್ ಎಂದು ಹೆಸರು.

ನಾನು ತಮಿಳು ಸೀಮೆಯ ಪಾಪಿರೆಡ್ಡಿಪಟ್ಟಿ ಕಡೆಯ ಹಳ್ಳಿಯವಳು. ಮನೆಯಲ್ಲಿ ಕುರಿ ಸಾಕುತ್ತೇವೆ. ನಮ್ಮ ಮನೆಯಿಂದ ಕಾಲೇಜಿಗೆ ಕಾಲಿಟ್ಟವಳು ನಾನೇ ಮೊದಲು. ಲ್ಯಾಬಿನಲ್ಲಿ ನನ್ನ ಜೋಡಿಯಾಗಿದ್ದವಳು ಸೇಲಂನವಳು, ಮಗ್ಗದ ಮನೆಯ ಹುಡುಗಿ, ಹಾಸ್ಟೆಲಿನಲ್ಲಿದ್ದಳು. ಅವಳ ಮನೆಯಲ್ಲೂ ಕನ್ನಡವೇ. ತರಗತಿಯಲ್ಲೆಲ್ಲ ತಮಿಳು ಮಾತಾಡಿ, ಬೇರೆಯವರಿಗೆ ತಿಳಿಯಬಾರದ ಮಾತು ಬಂದಾಗ ನಾವಿಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದೆವು. ಅವಳು ನನಗಿಂತ ಚುರುಕು. ಸರ್ ಬೋರ್ಡಿನ ಮೇಲೆ ಬರೆದ ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಅವರು ಬರೆದು ಮುಗಿಸುವ ಮೊದಲೇ ನನ್ನ ಮೊಣಕೈ ತಿವಿಯುತ್ತಿದ್ದಳು. ಎದ್ದು ಹೇಳುತ್ತಿರಲಿಲ್ಲ, ಅಷ್ಟೇ.

ಒಂದು ದಿನ ನಮಗೆ ಹೇಗೋ ಒಂದು ಸಿಸ್ಟಮ್ ಸಿಕ್ಕಿತು. ಕುರ್ಚಿಯಿಲ್ಲದೆ ನಿಂತೇ ಅವಳು ಹೇಳುತ್ತ ಹೋದಳು, ನಾನು ಪ್ರೋಗ್ರಾಮ್ ಟೈಪ್ ಮಾಡಿದೆ. ಓಡಲಿಲ್ಲ, ಸ್ಕ್ರೀನಿನ ತುಂಬ ಎರರ್. ಸರ್ ಹತ್ತಿರ ಹೋಗಿ ಕೇಳಿದೆ. ಅವರು ಮೊಬೈಲಿನಿಂದ ತಲೆಯೆತ್ತದೆ, "ರನ್ ಪಣ್ಣ ವೇಣಾಮ್ಮಾ. ಔಟ್‌ಪುಟ್ ಎಳುದಿಡು, ಪೋದುಂ" ಎಂದರು. ಓಡಿಸುವುದೇ ಬೇಡವಂತೆ, ಔಟ್‌ಪುಟ್ ಬರೆದುಬಿಟ್ಟರೆ ಸಾಕಂತೆ.

"ಓಡದೆ ಔಟ್‌ಪುಟ್ ಎಲ್ಲಿಂದ ಬರ್ತದೆ ಸಾರ್?" ಎಂದು ತಮಿಳಿನಲ್ಲೇ ಕೇಳಿದೆ.

"ಸೀನಿಯರ್ ರೆಕಾರ್ಡಿನಿಂದ" ಎಂದರು. ಸುತ್ತಲಿದ್ದವರೆಲ್ಲ ನಕ್ಕರು.

ಅವತ್ತಿನಿಂದ ನಾನು ಮೊಬೈಲಿನಲ್ಲೇ ಪ್ರೋಗ್ರಾಮ್ ಓಡಿಸುವ ಒಂದು ಆ್ಯಪ್ ಹಾಕಿಕೊಂಡೆ. ರಜೆಯ ದಿನ ಕುರಿ ಬಿಟ್ಟು ಬಂಡೆಯ ಮೇಲೆ ಕೂತು, ಸಿಗ್ನಲ್ ಹುಡುಕುತ್ತ, ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೆ. ಬಿಸಿಲಿಗೆ ಸ್ಕ್ರೀನ್ ಕಾಣದೆ ಸೆರಗು ಮುಚ್ಚಿಕೊಳ್ಳುತ್ತಿದ್ದೆ. ಗೆಳತಿಯ ಹತ್ತಿರ ಬಟನ್ ಫೋನ್ ಮಾತ್ರ ಇತ್ತು. "ನೀನ್ ಓಡಿಸ್ಲೇ, ನಾನ್ ಬರಿತೀನಿ" ಎನ್ನುತ್ತಿದ್ದಳು. ಅವಳ ರೆಕಾರ್ಡನ್ನು ಸರ್ ಎಲ್ಲರಿಗೂ ಎತ್ತಿ ತೋರಿಸುತ್ತಿದ್ದರು, ಅಷ್ಟು ಚೆಂದದ ಅಕ್ಷರ.

ಕೊನೆಯ ವರ್ಷ ತಪಾಸಣೆಗೆ ಹೊರಗಿನಿಂದ ಒಂದು ತಂಡ ಬರುವುದೆಂದು ಗೊತ್ತಾಯಿತು. ಬಣ್ಣ ಬಳಿಯಲೆಂದು ಲ್ಯಾಬಿಗೆ ಬೀಗ ಹಾಕಿದರು. ವಾರಗಟ್ಟಲೆ ಲ್ಯಾಬೇ ಇಲ್ಲ. ತೆರೆದಾಗ ಎಲ್ಲ ಸಿಸ್ಟಮಿನಲ್ಲೂ ಬೆಳಕಿತ್ತು! ಎಲ್ಲಿಂದಲೋ ಮಾನಿಟರುಗಳನ್ನು ತಂದು ಜೋಡಿಸಿದ್ದರು. ಸರ್ ಹುಡುಗಿಯರನ್ನು ಕರೆದು ಮುಂದಿನ ಸಾಲಿನಲ್ಲೇ ಕೂರಿಸಿದರು. ಮೂರು ವರ್ಷದಲ್ಲಿ ಮೊದಲ ಸಲ ನನಗೊಂದು ಕುರ್ಚಿ ಸಿಕ್ಕಿತು. ಸ್ಕ್ರೀನಿನ ಮೇಲೆ ಪ್ರೋಗ್ರಾಮ್, ಅದರ ಕೆಳಗೆ ಔಟ್‌ಪುಟ್. "ಯಾರೂ ಕೀ ಒತ್ತಬೇಡಿ, ಕೀಬೋರ್ಡಿನ ಮೇಲೆ ಸುಮ್ಮನೆ ಕೈಯಿಟ್ಟುಕೊಂಡು ಕೂತಿರಿ" ಎಂದರು. ಒತ್ತಿ ನೋಡಿದೆ. ಏನೂ ಅಲ್ಲಾಡಲಿಲ್ಲ. ಅದು ಫೋಟೋ. ಎಲ್ಲ ಮಾನಿಟರುಗಳಿಗೂ ಒಂದೇ ಕಂಪ್ಯೂಟರಿನಿಂದ ಒಂದೇ ಚಿತ್ರ ಹರಿಯುತ್ತಿತ್ತು.

ತಂಡದಲ್ಲಿದ್ದ ವಯಸ್ಸಾದ ಮೇಡಮ್ ಒಬ್ಬರು ನನ್ನ ಹತ್ತಿರವೇ ನಿಂತು, ಮೃದುವಾಗಿ, ಏನು ಮಾಡುತ್ತಿದ್ದೀಯಮ್ಮ ಎಂದು ತಮಿಳಿನಲ್ಲಿ ಕೇಳಿದರು.

"ಏನೂ ಇಲ್ಲ ಮೇಡಮ್. ಇದು ಫೋಟೋ" ಎಂದೆ.

ಅವರು ನನ್ನನ್ನು ನೋಡಿದರು, ಸ್ಕ್ರೀನ್ ನೋಡಿದರು, ಜೊತೆಗೆ ಬಂದಿದ್ದ ನಮ್ಮ ಪ್ರಿನ್ಸಿಪಾಲರನ್ನೂ ನೋಡಿದರು. ಆಮೇಲೆ ನಸುನಕ್ಕು ಮುಂದಿನ ಕುರ್ಚಿಗೆ ಹೋದರು. ಅಷ್ಟೇ. ಪ್ರಿನ್ಸಿಪಾಲರ ಮೇಲಿದ್ದ ಕೋಪಕ್ಕಿಂತ ಆ ನಗುವಿನ ಮೇಲಿನ ಕೋಪ ನನಗೆ ಇವತ್ತಿಗೂ ಹೆಚ್ಚು. ಆ ಮೇಡಮ್‌ಗೆ ಗೊತ್ತಿತ್ತು.

ಮಾರನೆಯ ದಿನ ಅಮ್ಮನನ್ನು ಕರೆಸಿದರು. ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬಸ್ ಬದಲಿಸಿಕೊಂಡು ಬಂದಳು. ಮಗಳಿಗೆ ಮರ್ಯಾದೆ ಗೊತ್ತಿಲ್ಲ, ಕಾಲೇಜಿನ ಹೆಸರು ಕೆಡಿಸಿದಳು, ಪ್ರಾಕ್ಟಿಕಲ್ ಮಾರ್ಕು ನಮ್ಮ ಕೈಯಲ್ಲಿದೆ, ತಿಳಿದಿರಲಿ ಎಂದು ಪ್ರಿನ್ಸಿಪಾಲರು ನಿಲ್ಲಿಸಿಯೇ ಬೈದರು. ಅಮ್ಮ ಕೈಮುಗಿದಳು. "ಮನ್ನಿಚ್ಚಿಡುಂಗ ಸಾರ್" ಎಂದಳು. ಕ್ಷಮೆ ಕೇಳಿದ ಅವಳ ತಲೆ ಬಗ್ಗಿದ್ದನ್ನು ನೋಡಿ ನನಗೆ ಪ್ರಿನ್ಸಿಪಾಲರ ಮೇಜನ್ನೇ ಬುಡಮೇಲು ಮಾಡಬೇಕೆನ್ನಿಸಿತು.

ಬಸ್ ಸ್ಟಾಪಿನ ಕಲ್ಲಿನ ಮೇಲೆ ಅಮ್ಮ ಕೂತಳು. ಆಮೇಲೆ ಕೇಳಿದಳು: "ಆ ಡಬ್ಬ ನಿಜ್ವಾಗ್ಲೂ ಓಡ್ತಿರ್ನಿಲ್ವಾ?"

"ಇಲ್ಲಮ್ಮ."

"ನೀನ್ ಸುಳ್ ಏಳ್ನಿಲ್ಲ?"

"ಇಲ್ಲಮ್ಮ, ಇದ್ದದ್ದೇ ಏಳ್ದೆ."

"ಮತ್ತೆ ನಾನ್ ಯಾಕ್ಲೇ ಕೈ ಮುಗ್ದೆ?" ಎಂದಳು. "ಮೊದ್ಲೇ ಏಳ್ಬಾರ್ದಾ ನೀನು? ಮನ್ನಿಚ್ಚಿಡುಂಗ ಅಂದೆನಲ್ಲ ಅವ್ನಿಗೆ!" ಎಂದು ಎದ್ದು ಮತ್ತೆ ಕಾಲೇಜಿನ ಗೇಟಿನ ಕಡೆ ನಡೆದೇಬಿಟ್ಟಳು. ವಾಚ್‌ಮ್ಯಾನ್ ಒಳಗೆ ಬಿಡಲಿಲ್ಲ. ಗೇಟಿನ ಹೊರಗೇ ನಿಂತು, ಅಲ್ಲಿ ಯಾರಿಗೂ ತಿಳಿಯದ ನಮ್ಮ ಕನ್ನಡದಲ್ಲಿ, ಬಾಯಿಗೆ ಬಂದದ್ದನ್ನೆಲ್ಲ ಬೈದು ಬಂದಳು.

ಪ್ರಾಕ್ಟಿಕಲ್‌ನಲ್ಲಿ ನಾನು ಪಾಸಾಗುವಷ್ಟೇ ಮಾರ್ಕು ಹಾಕಿದರು. ಗೆಳತಿಗೆ ತರಗತಿಯಲ್ಲೇ ಹೆಚ್ಚು. ಅದಕ್ಕೆ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಅವಳಿಗೆ ಅದಕ್ಕಿಂತ ಹೆಚ್ಚೇ ಸಲ್ಲಬೇಕಿತ್ತು.

ಕಾಲೇಜು ಮುಗಿದ ಮೇಲೆ ಇಬ್ಬರೂ ಸೇಲಂನ ಒಂದು ಸಣ್ಣ ಕಂಪನಿಯ ಇಂಟರ್‌ವ್ಯೂಗೆ ಹೋದೆವು. ಅವಳ ಮಾರ್ಕು ನೋಡಿ ಮೊದಲು ಅವಳನ್ನೇ ಕರೆದರು. ಬಾಗಿಲು ತೆರೆದೇ ಇತ್ತು, ನನಗೆ ಎಲ್ಲ ಕಾಣುತ್ತಿತ್ತು. ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಉತ್ತರ ಹೇಳಿದಳು. ಆಮೇಲೆ ಅವರು ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿ, ಒಂದು ಚಿಕ್ಕ ಪ್ರೋಗ್ರಾಮ್ ಬರೆದು ಓಡಿಸಿ ತೋರಿಸಮ್ಮ ಎಂದರು. ಅವಳ ಬೆರಳು ಕೀಗಳ ಮೇಲೆ ಅಕ್ಷರ ಹುಡುಕಿತು. ಸಿಕ್ಕಿತು. ಇನ್ನೊಂದನ್ನು ಹುಡುಕಿತು. ಸೇವ್ ಮಾಡುವುದು ಎಲ್ಲಿ ಎಂದು ಅವಳಿಗೆ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಕುರ್ಚಿ ಸಿಕ್ಕ ದಿನ ಅವಳ ಮುಂದೆಯೂ ಇದ್ದದ್ದು ಫೋಟೋ. ಅವರು ಕಾದರು, ಗಡಿಯಾರ ನೋಡಿದರು, ಪರವಾಗಿಲ್ಲ ಹೋಗಮ್ಮ ಎಂದರು.

ನನ್ನನ್ನು ಕರೆದಾಗ ನಾನು ಪ್ರೋಗ್ರಾಮ್ ಓಡಿಸಿದೆ. ಕೆಲಸ ಸಿಕ್ಕಿತು. ಹೊರಗೆ ಬಂದರೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಕಣ್ಣು ಒರೆಸಿಕೊಂಡು ನಗಲು ನೋಡಿದಳು.

"ನಂಗೆ ಕಂಪ್ಯೂಟರ್ ತಲೆಗೆ ಅತ್ತಾದಿಲ್ಲ ಕಣ್ಲೇ. ಸುಮ್ನೆ ಮಾರ್ಕ್ ಬಂದಿತ್ತು."

"ನಿಂದ್ ತಪ್ಪಲ್ಲ ಅದು" ಎಂದು ಬೀದಿಯಲ್ಲೇ ಕಿರುಚಿದೆ. ಬಸ್ಸಿಗೆ ನಿಂತವರು ತಿರುಗಿ ನೋಡಿದರು. "ಕಲಿಸ್ದೆ ಇದ್ದೋರು ಅವ್ರು. ನಿನ್ನ ಉಡುಗ್ರ ಬೆನ್ನಿಂದೆ ನಿಲ್ಸಿದ್ದೋರು ಅವ್ರು."

"ಬಿಡ್ಲೇ, ಯಾಕ್ ಕೂಗ್ತೀಯಾ" ಎಂದು ನನ್ನ ಕೈ ಹಿಡಿದಳು. ಈಗ ಅವಳು ಒಂದು ಸೀರೆ ಅಂಗಡಿಯಲ್ಲಿ ಬಟ್ಟೆ ಮಡಚುತ್ತಾಳೆ. ಸಿಕ್ಕಾಗಲೆಲ್ಲ ಅದೇ ಮಾತು, ತನಗೆ ತಲೆಯಿಲ್ಲವಂತೆ. ನಾನು ಪ್ರತಿ ಸಲವೂ ಜಗಳ ಮಾಡುತ್ತೇನೆ. ಅವಳು ನಂಬುವುದಿಲ್ಲ.