ಎರಡೂ ಕಡೆಯ ಕಾಗದ

ಮುದ್ದೇಬಿಹಾಳದಲ್ಲಿ ತಹಸೀಲ್ದಾರ ಕಚೇರಿಯ ಹಿಂದಿನ ಓಣಿಗೆ ಬಂದು ಸುವರ್ಣಾಬಾಯಿ ಮನೆ ಎಲ್ಲಿ ಎಂದು ಕೇಳಿದರೆ, "ಪ್ರಬಂಧದ ಆಯಿ ಏನ್ರಿ? ಅಲ್ಲಿ ನೋಡ್ರಿ, ಬಾಗಲದಾಗ ಚಪ್ಪಲಿ ರಾಶಿ ಬಿದ್ದೈತಲ್ಲ, ಅದ" ಎನ್ನುತ್ತಾರೆ. ದಿನಾ ಸಂಜೆ ಐದಕ್ಕೆ ಒಂಬತ್ತನೇ, ಹತ್ತನೇ ಇಯತ್ತೆಯ ಹನ್ನೆರಡು ಹದಿಮೂರು ಮಕ್ಕಳು ಅವಳ ಪಡಸಾಲೆಯಲ್ಲಿ ಚಾಪೆ ಹಾಸಿ ಕೂಡುತ್ತಾರೆ. ಪ್ರಬಂಧ ಬರೆಯುವುದು, ಚರ್ಚಾಸ್ಪರ್ಧೆಗೆ ಮಾತು ಕಟ್ಟುವುದು, ಬೇರೆಯವರು ಕಟ್ಟಿದ ಮಾತನ್ನು ಬಿಚ್ಚಿ ನೋಡುವುದು, ಇಷ್ಟೇ ಅವಳ ಟ್ಯೂಷನ್ನು. ಕಲಿಸುವವಳು ತಾನು ಕಲಿತದ್ದು ಏಳನೇ ಇಯತ್ತೆ. ಅದನ್ನೇನೂ ಅವಳು ಮುಚ್ಚಿಡುವುದಿಲ್ಲ.

ಅವಳ ಗಂಡ ಬಸಂತರಾಯರು ಮೂವತ್ತೈದು ವರ್ಷ ಅದೇ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕುಳಿತು ಅರ್ಜಿ ಬರೆದವರು. ಸುವರ್ಣಾಬಾಯಿಯ ಅಕ್ಷರ ಗುಂಡಗೆ ಇದ್ದದ್ದರಿಂದ ಮನೆಯಲ್ಲಿ ಪ್ರತಿ ತೆಗೆಯುವ ಕೆಲಸ ಅವಳದು. ಒಲೆಯ ಮೇಲೆ ಬೇಳೆ ಕುದಿಯುತ್ತಿದ್ದಾಗ ಇತ್ತ ಅವಳು ಯಾರದೋ ಹೊಲದ, ಯಾರದೋ ಪಿಂಚಣಿಯ ಅರ್ಜಿ ಬರೆಯುತ್ತಿದ್ದಳು. "ಮೊದಲಿಗೆ ಅರ್ಜಿ ಓದೂ ಸಾಹೇಬ ಎಂಥಾವ ನೋಡು. ಅವಗ ಅಂಜಿಕಿ ಯಾವುದು, ಮಮತಾ ಯಾವುದು, ಸೊಕ್ಕು ಯಾವುದು ನೋಡು. ಆಮ್ಯಾಲ ಪೆನ್ನ ಎತ್ತು" ಎನ್ನುತ್ತಿದ್ದರು ರಾಯರು. ಅವರು ಹೋಗಿ ಹನ್ನೊಂದು ವರ್ಷ. ಹೋದ ಮರುವರ್ಷ ಓಣಿಯ ಹುಡುಗಿಯೊಬ್ಬಳು ಚರ್ಚಾಸ್ಪರ್ಧೆಯ ವಿಷಯ ಹಿಡಿದುಕೊಂಡು ಬಂದಳು, ತಾಲೂಕಿಗೇ ಮೊದಲಿಗಳಾದಳು. ಅಲ್ಲಿಂದ ಚಪ್ಪಲಿ ರಾಶಿ ಶುರುವಾಯಿತು.

ಅವಳ ಪಾಠಕ್ಕೆ ಪುಸ್ತಕವಿಲ್ಲ. ಸೀರೆ ಅಂಗಡಿಯ ಕರಪತ್ರ, ಗೊಬ್ಬರದ ಜಾಹೀರಾತು, ಚುನಾವಣೆಗೆ ನಿಂತವರ ಚೀಟಿ, ಕೈಗೆ ಸಿಕ್ಕದ್ದೇ ಪಾಠ. ಓದುವವನನ್ನು ಎಲ್ಲಿ ಅಂಜಿಸುತ್ತಾರೋ ಅಲ್ಲಿ ಕೆಂಪು ಗೆರೆ, ಎಲ್ಲಿ ಮಮತೆ ಮುಟ್ಟುತ್ತಾರೋ ಅಲ್ಲಿ ಹಸಿರು, ಎಲ್ಲಿ ಉಬ್ಬಿಸುತ್ತಾರೋ ಅಲ್ಲಿ ನೀಲಿ. ಕೆಳಗೆ, ಹೇಳದೇ ಬಿಟ್ಟದ್ದು ಏನು ಎಂದು ಬರೆಯಬೇಕು.

"ಆಯಿ, ಇದರಾಗ 'ಇಂದೇ ಕಡೆಯ ದಿನ' ಅಂತೈತಿ. ಹೋದ ವರ್ಷನೂ ಹಿಂಗ ಇತ್ತು," ಎಂದ ಅಮೀರ ಒಮ್ಮೆ. ಒಂಬತ್ತನೇ ಇಯತ್ತೆಯ ವಾಚಾಳಿ ಹುಡುಗ.

"ಹಂಗಾರ ಅದನ್ನ ಕೆಳಗ ಬರಿ. ನನಗ ಹೇಳಿ ಏನ ಮಾಡ್ತಿ? ನಾ ಏನ ಸೀರಿ ತಗೊಳ್ಳಾಕ ಹೊಂಟೇನೇನು?"

ಪ್ರಬಂಧವಾದರೆ ಒಂದೇ ವಿಷಯಕ್ಕೆ ಹೌದು ಎಂದೂ ಬರೆಯಬೇಕು, ಅಲ್ಲ ಎಂದೂ ಬರೆಯಬೇಕು. ಅವಳಿಗಿದ್ದ ನೇಮ ಒಂದೇ: ತನ್ನ ಪೆನ್ನು ಇನ್ನೊಬ್ಬರ ಹಾಳೆಯನ್ನು ಮುಟ್ಟಬಾರದು. ಬರೀ ಕೇಳುತ್ತಾಳೆ, ಉತ್ತರ ಅವರೇ ಬರೆದುಕೊಳ್ಳಬೇಕು.

ಈ ಸಲ ಹತ್ತನೇ ಪಾಸಾದವರಲ್ಲಿ ಶಾಹಿಸ್ತಾಗೆ ನೂರಕ್ಕೆ ತೊಂಬತ್ತೆರಡು ಬಂತು. ಹತ್ತಿ ತುಂಬಿ ಗಾದಿ ಹೊಲಿಯುವ ಫಕೀರಸಾಬನ ಮಗಳು, ಎರಡು ವರ್ಷ ಸುವರ್ಣಾಬಾಯಿಯ ಚಾಪೆಯ ಮೇಲೆ ಕುಳಿತವಳು. ವಿಜಯಪುರದ ಕಾಲೇಜಿನಲ್ಲಿ ಸೈನ್ಸು, ಅಲ್ಲೇ ಹಾಸ್ಟೆಲ್ಲು, ಇದು ಅವಳ ಆಸೆ. ಮುದ್ದೇಬಿಹಾಳದಲ್ಲೇ ಓದಲಿ ಎನ್ನುವುದು ಅಪ್ಪನ ಮಾತು. ವಿಜಯಪುರದ ಕಾಲೇಜಿಗೆ ಸೇರಲು ಸೋಮವಾರ ಕಡೆಯ ದಿನ.

"ಮಾತಾಡಾಕ ಹ್ವಾದ್ರ ಬ್ಯಾಡ ಅಂತಾರ, ಹತ್ತಿ ಹಿಂಜೋ ಮಷೀನ್ ಚಾಲೂ ಮಾಡ್ತಾರ. ಆ ಸಪ್ಪಳದಾಗ ನಾ ಏನ ಹೇಳ್ಲಿ ಆಯಿ?" ಎಂದು ಬುಧವಾರ ಹುಡುಗಿ ಬುಸುಗುಟ್ಟುತ್ತ ಬಂದಳು.

"ಕಾಗದ ಬರಿ."

"ಮನ್ಯಾಗ ಇರೋ ಅಪ್ಪಗ ಕಾಗದ?"

"ನಿಮ್ಮಪ್ಪಗ ಅಂಜಿಕಿ ಯಾವುದು, ಅದನ್ನ ಮೊದಲ ಹೇಳು."

"ಅವರು ನಮ್ಮ ಅಬ್ಬಾ. ಅವರಿಗೆಲ್ಲಿ ಅಂಜಿಕಿ?"

ಮೊದಲ ಕಾಗದದಲ್ಲಿ ಬರೀ ಸಿಟ್ಟಿತ್ತು, ಎರಡನೆಯದರಲ್ಲಿ ಬರೀ ಅಳು. ಮೂರನೆಯದನ್ನು ಓದಿ ಸುವರ್ಣಾಬಾಯಿ ಕನ್ನಡಕ ತೆಗೆದಳು. ಅದರಲ್ಲಿ ಹುಡುಗಿ ಹೀಗೆ ಬರೆದಿದ್ದಳು: "ಅಬ್ಬಾ, ನೀವು ಹೊಲಿದ ಗಾದಿಗಳು ಇಂಡಿ, ಸಿಂದಗಿ, ಚಡಚಣದ ತನಕ ಹೋಗುತ್ತವೆ. ಅವು ಅಲ್ಲಿ ಹೇಗಿವೆ ಎಂದು ನೀವು ಒಂದು ದಿನವೂ ಹೋಗಿ ನೋಡಿಲ್ಲ. ನಿಮ್ಮ ಹೊಲಿಗೆಯ ಮೇಲೆ ನಿಮಗೆ ನಂಬಿಕೆ ಇದೆ. ನನ್ನನ್ನು ಬೆಳೆಸಿದವರೂ ನೀವೇ." ಗುರುವಾರ ಆ ಕಾಗದ ಅಪ್ಪನ ಊಟದ ಡಬ್ಬಿಯ ಕೆಳಗೆ ಹೋಯಿತು.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿಕೊಂಡು ಫಕೀರಸಾಬ ಬಂದ. ಎಷ್ಟು ಜಾಡಿಸಿಕೊಂಡರೂ ಅವನ ಗಡ್ಡದಲ್ಲಿ ಒಂದೆರಡು ಹತ್ತಿಯ ಎಳೆ ಉಳಿದೇ ಇರುತ್ತವೆ. ಹೊಸ್ತಿಲ ಹೊರಗೇ ನಿಂತ.

"ಅಕ್ಕೋರ, ನಿಮ್ಮ ಕಡೆ ಕಲತ ಹುಡುಗಿ ನನಗ ನೋಟೀಸ್ ಕೊಟ್ಟಾಳ್ರಿ."

"ನೋಟೀಸ್ ಅಲ್ಲಪಾ, ಅದು ಕಾಗದ. ಒಳಗ ಬಾ, ಕುಂಡ್ರು."

"ಇಷ್ಟುದ್ದ ಕಾಗದ ನಮ್ಮ ಮನಿಗೆ ಕರೆಂಟ್ ಆಫೀಸಿನವರಷ್ಟ ಕೊಡ್ತಾರ್ರಿ." ಕುಳಿತ. ಕಾಗದ ತೆಗೆದ, ಮತ್ತೆ ಕಿಸೆಯಲ್ಲಿಟ್ಟ. "ಮೂರ ಸಲ ಓದೇನಿ. ಜವಾಬ ಏನ ಕೊಡಬೇಕು ತಿಳೀವಲ್ದು. ಆಕಿಗೆ ಕಲಿಸಿದ್ದನ್ನ ನನಗೂ ಕಲಸ್ರಿ."

ಸುವರ್ಣಾಬಾಯಿಗೆ ರಾಯರ ಅರ್ಜಿಗಳು ನೆನಪಾದವು. ಒಂದೇ ಜಗಳಕ್ಕೆ ಬೆಳಿಗ್ಗೆ ಅಣ್ಣನ ಅರ್ಜಿ, ಮಧ್ಯಾಹ್ನ ತಮ್ಮನ ಅರ್ಜಿ ಬರೆದು ರಾಯರು ನೆಮ್ಮದಿಯಿಂದ ಊಟ ಮಾಡಿದ್ದುಂಟು. ಎರಡನ್ನೂ ಪ್ರತಿ ತೆಗೆದ ಅವಳಿಗೆ ಮಾತ್ರ ಅನ್ನ ಇಳಿದಿರಲಿಲ್ಲ. ಆದರೆ ಕಲಿಸಿ ಎಂದು ಬಂದವನನ್ನು ಹೊರಗೆ ಹಾಕುವುದು ಹೇಗೆ?

"ನಿನಗ ಅಂಜಿಕಿ ಯಾವುದು, ಹೇಳಪಾ."

"ಅಂಜಿಕಿ ಏನಿಲ್ರಿ. ಇಲ್ಲೂ ಕಾಲೇಜ ಐತಿ, ಸೈನ್ಸೂ ಐತಿ. ಪರೀಕ್ಷಾ ಬಂದ್ರ ಆಕಿಗೆ ಜ್ವರ ಬರ್ತಾವು. ಇಲ್ಲಿದ್ರ ಅವರವ್ವ ಹಜರಾಬಿ ನೋಡ್ತಾಳ. ಅಲ್ಲಿ ಯಾರ ನೋಡ್ತಾರ್ರಿ?"

ಖರೇ ಎನಿಸಿತು ಅವಳಿಗೆ. ಹುಡುಗಿಯದೂ ಖರೇ ಎನಿಸಿತ್ತು. ಫಕೀರಸಾಬ ಗಾದಿಯ ಸೂಜಿ ಹಿಡಿದು ದಪ್ಪಗಾದ ಬೆರಳು ತೋರಿಸಿ, "ನನಗ ಪೆನ್ನ ಹಿಡಿಯಾಕ ಬರಂಗಿಲ್ರಿ. ನಾ ಹೇಳ್ತೇನಿ, ನೀವ ಬರೀರಿ. ರಾಯರು ನಮ್ಮ ಜಾಗಾದ ಅರ್ಜಿ ಹಂಗ ಬರದಿದ್ರು" ಎಂದ. ನೇಮ ಇರುವುದು ಮಕ್ಕಳಿಗೆ, ಇವನು ಮಗುವಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವಳು ಪೆನ್ನು ಎತ್ತಿದಳು.

ಐದು ಸಾಲು ಹೇಳಿ ಅವನು ನಿಲ್ಲಿಸಿದ. ಕಾಗದ ಬಡವಾಗಿ ಕಾಣಿಸಿತು. ಅರ್ಜಿ ಹೀಗೆ ಬಡವಾದಾಗ ರಾಯರು ಕೇಳದೆಯೇ ಒಂದು ಸಾಲು ಸೇರಿಸುತ್ತಿದ್ದರು: ಅರ್ಜಿದಾರರಿಗೆ ಬೇರೆ ದಿಕ್ಕಿಲ್ಲ, ದಯೆ ತೋರಬೇಕು ಎಂದೋ ಏನೋ. ಸುವರ್ಣಾಬಾಯಿಯ ಕೈಯೂ ತಾನಾಗಿ ಆರನೇ ಸಾಲು ಬರೆದುಬಿಟ್ಟಿತು: "ನೀನು ಹೋದರೆ ನಾನು ಉಣ್ಣುವಾಗ ಎದುರಿಗೆ ಯಾರು ಕೂಡುತ್ತಾರೆ?" ಓದಿ ಹೇಳಿದಾಗ ಫಕೀರಸಾಬ ನೆಲ ನೋಡಿದ. "ಇರಲಿ ಬಿಡ್ರಿ" ಎಂದು ಸಹಿ ಮಾಡಿ, ಮಗಳಿಗೆ ಕೊಡಲು ಕಾಗದ ಮಡಚಿಕೊಂಡು ಎದ್ದುಹೋದ.

ಅವನು ಓಣಿ ದಾಟಿದ ಮೇಲೆ ಆ ಸಾಲು ಎಲ್ಲಿಂದ ಬಂತು ಎನ್ನುವುದು ಅವಳಿಗೆ ನೆನಪಾಯಿತು. ನೆನಪಾಯಿತು ಅಂದರೇನು, ಕಣ್ಣೆದುರಿಗೇ ಬಂದು ನಿಂತಿತು. ಬಸವನ ಬಾಗೇವಾಡಿ ಹತ್ತಿರದ ಹಳ್ಳಿ, ಅಪ್ಪನ ಅಂಚು ಮುರಿದ ಹಿತ್ತಾಳೆ ತಾಟು, ತಾಟಿನಲ್ಲಿ ಪುಂಡಿಪಲ್ಯ. ಏಳನೇ ಇಯತ್ತೆ ಪಾಸಾದ ಹುಡುಗಿ ಹೈಸ್ಕೂಲಿಗೆಂದು ವಿಜಯಪುರದ ಚಿಗವ್ವನ ಮನೆಗೆ ಹೊರಟು ಟ್ರಂಕು ತುಂಬಿದ್ದಳು. ಅಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡೇ, "ನೀ ಹ್ವಾದ್ರ ನಾ ಉಣ್ಣುವಾಗ ಎದುರಿಗೆ ಯಾರ ಕೂಡ್ತಾರವ್ವಾ?" ಎಂದಿದ್ದ. ಅವಳು ಅತ್ತು ಟ್ರಂಕು ಖಾಲಿ ಮಾಡಿದಳು. ಮುಂದಿನ ವೈಶಾಖದಲ್ಲಿ ಅದೇ ಅಪ್ಪ ಅವಳನ್ನು ಮುದ್ದೇಬಿಹಾಳಕ್ಕೆ ಮದುವೆ ಮಾಡಿ ಕೊಟ್ಟ.

ಆ ಮಾತನ್ನು ಅವಳು ಇಷ್ಟು ವರ್ಷ ಸೆರಗಿನ ಗಂಟಿನಲ್ಲಿಟ್ಟಂತೆ ಇಟ್ಟುಕೊಂಡಿದ್ದಳು. ತನಗೆ ಯಾರೂ ಅದಕ್ಕಿಂತ ಸಿಹಿ ಮಾತು ಆಡಿದ್ದಿಲ್ಲ. ಊರ ಕರಪತ್ರವನ್ನೆಲ್ಲ ಬಿಚ್ಚಿದವಳು ಆ ಒಂದು ಮಾತನ್ನು ಬಿಚ್ಚಿರಲಿಲ್ಲ. ಅದರ ಕೆಳಗೆ ಎಳೆಯಬೇಕಾದದ್ದು ಹಸಿರೋ ಕೆಂಪೋ? ಹೇಳದೇ ಬಿಟ್ಟದ್ದು ಏನು? ವೈಶಾಖದ ಮದುವೆ ಆಗಲೇ ಅವನ ತಲೆಯಲ್ಲಿತ್ತೋ, ಇರಲಿಲ್ಲವೋ?

ಸಂಜೆ ಪಾಠ ಕಲಸುಮೇಲೋಗರವಾಯಿತು. ಮೊಬೈಲು ಬೇಕೋ ಬೇಡವೋ ಎಂಬ ವಿಷಯ ಕೊಟ್ಟು, ಎರಡೂ ಗುಂಪಿಗೆ ಬೇಡ ಎನ್ನುವ ಕಡೆಯನ್ನೇ ಹಂಚಿದಳು. "ಆಯಿ, ನಾ ಹೌದೋ ಅಲ್ಲೋ?" ಎಂದು ಅಮೀರ ಕೇಳಿದ.

"ನೀನ ಹೇಳಪಾ. ನನಗೂ ಗೊತ್ತಾಗವಲ್ದು."

ಮಕ್ಕಳು ನಕ್ಕರು. ಅವಳು ನಗಲಿಲ್ಲ.

ಶನಿವಾರ ಹತ್ತು ಗಂಟೆಗೆ ಶಾಹಿಸ್ತಾ ಬಂದಳು, ಕಣ್ಣು ಬಾತಿದ್ದವು. "ಆಯಿ, ನಾ ಬಿಜಾಪುರಕ್ಕ ಹೋಗಂಗಿಲ್ಲ. ಇಲ್ಲೇ ಸೇರ್ತೇನಿ."

ಸುವರ್ಣಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಫಕೀರಸಾಬ. "ಅಕ್ಕೋರ, ಸೋಮವಾರ ಆಕಿನ್ನ ಬಿಜಾಪುರಕ್ಕ ಕರ್ಕೊಂಡ ಹೊಂಟೇನ್ರಿ. ನಿಮಗ ಒಂದ ಮಾತ ಹೇಳಿ ಹೋಗೂಣು ಅಂತ..." ಎಂದವನು ಮಗಳನ್ನು ಕಂಡು ನಿಂತ.

"ನಾ ಒಲ್ಲೆ ಅಬ್ಬಾ."

"ಒಲ್ಲೆ ಅಂದ್ರ? ನಿನ್ನೆ ಮಟಾ ಹೋಗ್ತೇನಿ ಅಂತಿದ್ದಿ!"

"ನೀವು ನಿನ್ನೆ ಮಟಾ ಬ್ಯಾಡ ಅಂತಿದ್ರಿ!"

"ಈಗ ಹೋಗು ಅನ್ನಾಕತ್ತೇನಲ್ಲ!"

"ಈಗ ನಾ ಹೋಗಂಗಿಲ್ಲ. ಇಲ್ಲೂ ಸೈನ್ಸ್ ಐತಿ, ಜ್ವರ ಬಂದ್ರ ಅಮ್ಮಿ ನೋಡ್ತಾಳ."

"ಜ್ವರ ಬಿಜಾಪುರದಾಗೂ ಹೋಗ್ತಾವು. ಅಲ್ಲೇನ ಡಾಕ್ಟರ್ ಇಲ್ಲೇನು?"

ಇವಳ ಮಾತು ಅವನ ಬಾಯಲ್ಲಿ, ಅವನ ಮಾತು ಇವಳ ಬಾಯಲ್ಲಿ. ಸುವರ್ಣಾಬಾಯಿ ತಲೆಗೆ ಕೈ ಹಚ್ಚಿ ಹೊರಸಿನ ಮೇಲೆ ಕುಳಿತಳು. ಇಬ್ಬರಿಗೂ ಕಲಿಸಿದವಳು ತಾನು. ಇಬ್ಬರೂ ಗೆದ್ದು ಕೂತಿದ್ದರು. ಈಗ ಯಾರ ಕಡೆ ಮಾತಾಡಬೇಕು? ಮಕ್ಕಳಿಗೆ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಯಾವ ಸಾಲಿಗೆ ಮನಸ್ಸು ತಿರಗಿತು? ತೋರಸ್ರಿ ಇಬ್ಬರೂ."

ಫಕೀರಸಾಬ ಕಿಸೆಯಿಂದ ಕಾಗದ ತೆಗೆದು ಚಡಚಣದ ಗಾದಿಯ ಸಾಲಿನ ಮೇಲೆ ಬೆರಳಿಟ್ಟ. "ರಾತ್ರಿಯೆಲ್ಲಾ ಇದು ತಲ್ಯಾಗಿಂದ ಹೋಗಲಿಲ್ರಿ" ಎಂದ. ಶಾಹಿಸ್ತಾ ತನ್ನ ಕೈಯಲ್ಲಿದ್ದುದನ್ನು ಬಿಚ್ಚಿ ಓದಿದಳು. "ನೀನು ಹೋದರೆ ನಾನು ಉಣ್ಣುವಾಗ..." ಮುಂದೆ ಓದಲಾಗಲಿಲ್ಲ.

ಸುಮ್ಮನಿದ್ದರೆ ಹುಡುಗಿ ಉಳಿಯುತ್ತಾಳೆ, ತಾನು ಉಳಿದ ಹಾಗೆ. ಹೇಳಿದರೆ ಅಪ್ಪನ ಕಾಗದ ಸುಳ್ಳಾಗುತ್ತದೆ, ಮಗಳೆದುರು ಅವನ ಮರ್ಯಾದೆ ಹೋಗುತ್ತದೆ. ಸುವರ್ಣಾಬಾಯಿ ಹೊರಸಿನಿಂದ ಎದ್ದಳು.

"ಆ ಸಾಲು ನಿಮ್ಮಪ್ಪಂದಲ್ಲವ್ವಾ. ನಾ ಬರದದ್ದು. ನಂದೂ ಅಲ್ಲ ಅದು, ನಮ್ಮಪ್ಪಂದು. ನಿನಗಿಂತ ಸಣ್ಣಾಕಿ ಇದ್ದಾಗ ನನಗ ಅಂದಿದ್ದ. ನಾ ಊರಾಗ ಉಳದೆ."

ಹುಡುಗಿ ಅವಳನ್ನು ನೋಡಿದಳು, ಅಪ್ಪನನ್ನು ನೋಡಿದಳು. "ನೀವು ಹೇಳಿದ್ದಲ್ಲೇನು ಇದು?"

"ಹೇಳಿದ್ದಿಲ್ಲ ಬೇಟಾ," ಎಂದ ಫಕೀರಸಾಬ. "ಆದ್ರ ಸುಳ್ಳೂ ಅಲ್ಲ."

"ಹಂಗಾರ ನಿಮ್ಮ ಮಾತ ಯಾವುದು? ಕಾಗದ ಬಿಡ್ರಿ. ಬಾಯಿಲೆ ಹೇಳ್ರಿ."

ಅವನ ಕೈ ಗೋಡೆಯ ಕಡೆ ಹೋಯಿತು, ಮಷೀನಿನ ಗುಂಡಿ ಅಲ್ಲೇ ಇದೆಯೇನೋ ಎನ್ನುವಂತೆ. ಅಲ್ಲಿ ಕ್ಯಾಲೆಂಡರಿತ್ತು. ಕೈ ಇಳಿಸಿದ.

"ನೀ ಕಲತ ಬರ್ತಿ. ಕಲತ ಬಂದಮ್ಯಾಲ ನೀ ಆಡಿದ್ದು ನನಗ ತಿಳೀದಿದ್ರ? ಮೂರ ಸಲ ಓದಿದ್ರ ತಿಳಿದದ್ದು ನಿನ್ನ ಕಾಗದ. ಈಗ ಹಿಂಗಾದ್ರ, ಮುಂದ?"

ಇದು ಯಾರ ಕಾಗದದಲ್ಲೂ ಇರಲಿಲ್ಲ.

ಶಾಹಿಸ್ತಾ ಮೂಗು ಒರೆಸಿಕೊಂಡಳು. "ಈಗೆಲ್ಲಿ ತಿಳೀತೈತಿ ಅಬ್ಬಾ? ನಾ ಮಾತಾಡೂ ಹೊತ್ತಿಗೆ ನಿಮ್ಮ ಮಷೀನ್ ಗುರ್ ಅಂತಿರ್ತೈತಿ."

ಫಕೀರಸಾಬನಿಗೆ ನಗು ಬಂತು, ತಡೆದುಕೊಳ್ಳಲು ಗಡ್ಡ ಕೆರೆದುಕೊಂಡ. "ಹೋಗಿ ಬಾ. ಫೋನ್ ಮಾಡು. ಮಷೀನ್ ಬಂದ್ ಮಾಡ್ತೇನಿ."

"ತಿಳೀಲಿಲ್ಲಂದ್ರ ಇನ್ನೊಮ್ಮೆ ಹೇಳ ಅನ್ರಿ. ನಾ ಹೇಳ್ತೇನಿ."

"ಹಂಗಾರ ಸೋಮವಾರ ಏಳರ ಬಸ್ಸು," ಎಂದ ಅವನು. ಅಪ್ಪ ಮಗಳು ತಂತಮ್ಮ ಕಾಗದ ಮಡಚಿಕೊಂಡು ಹೊರಟರು.

ಸೋಮವಾರ ಅವರು ಬಸ್ಸು ಹತ್ತಿದ್ದನ್ನು ನೋಡಿಬಂದು ಸುವರ್ಣಾಬಾಯಿ ತವರೂರಲ್ಲಿರುವ ತಮ್ಮ ಮಡಿವಾಳಪ್ಪನಿಗೆ ಫೋನು ಹಚ್ಚಿದಳು. ಅವಳಿಗಿಂತ ಅವನು ಆರು ವರ್ಷಕ್ಕೆ ಸಣ್ಣವನು.

"ಮಡಿವಾಳ, ನಾ ಲಗ್ನ ಆಗಿ ಬಂದಮ್ಯಾಲ ಅಪ್ಪ ಉಣ್ಣುವಾಗ ಎದುರಿಗೆ ಯಾರ ಕೂಡ್ತಿದ್ರೋ?"

"ಮುಂಜಾನೆದ್ದು ಇದೇನ ಕೇಳಾಕತ್ತಿ ಅಕ್ಕಾ? ಆರಾಮ ಅದಿಯೋ ಇಲ್ಲೋ?"

"ಕೇಳಿದ್ದಷ್ಟ ಹೇಳು."

"ಯಾರೂ ಕೂಡ್ತಿದ್ದಿಲ್ಲ. ಗ್ವಾಡಿ ಕಡೆ ಮುಖ ಮಾಡಿ ಒಬ್ಬನ ಉಣತಿದ್ದ. ಅವ್ವ ನೀಡಿ ಒಳಗ ಹೋಗ್ತಿದ್ದಳು. ನಾ ಒಮ್ಮೆ ಹೋಗಿ ಕುಂತ್ರ, ಏಳು ಅಂದ."

ಅವಳು ಗೋಡೆಗೆ ಆನಿಕೊಂಡಳು. ಅಂದರೆ ಅಪ್ಪ ಆಡಿದ್ದು ಖರೇ. ಖರೇ ಇದ್ದರೆ ಮತ್ತೆ ವೈಶಾಖ?

"ಮತ್ತ ನನ್ನ ಯಾಕ ಅಷ್ಟ ಲಗೂ ಕೊಟ್ಟನೋ?"

"ಅದನ್ನ ನನ್ನ ಕೇಳಿದ್ರ? ಎಂಟ ವರ್ಷದಾಂವ ಇದ್ದೆ. ನಿನ್ನ ಲಗ್ನದಾಗ ಬುಂದೆ ಹೆಚ್ಚಾಗಿ ವಾಂತಿ ಮಾಡ್ಕೊಂಡದ್ದಷ್ಟ ನೆನಪೈತಿ ನನಗ."

"ಮತ್ತ್ಯಾರನ್ನ ಕೇಳಲಿ?"

"ಅವ್ವನ್ನ ಕೇಳಬೇಕಿತ್ತು," ಎಂದ ಮಡಿವಾಳಪ್ಪ. "ಇದ್ದಾಗ ಯಾಕ ಕೇಳಲಿಲ್ಲ ನೀನು?"

ಅವಳು ಫೋನು ಇಟ್ಟು, ಹಾಳೆಯೊಂದರ ಮೇಲೆ ಅಪ್ಪನ ಆ ಮಾತು ಬರೆದು, ಕೆಳಗೆ ಹಸಿರು ಗೆರೆಯನ್ನೂ ಎಳೆದಳು, ಕೆಂಪು ಗೆರೆಯನ್ನೂ ಎಳೆದಳು.