ಎಳ್ಳುಬೆಲ್ಲ ತಿಂದ ಸೆನೆಟರ್

ಆ ಚಳಿಗಾಲ ನಮ್ಮ ಮನೆಯಲ್ಲಿ ಒಬ್ಬ ಸೆನೆಟರ್ ಬಂದು ಠಿಕಾಣಿ ಹೂಡಿದ್ದ. ಕೆನಡಾದ ಮಿಸಿಸಾಗಾದ ನಮ್ಮ ಟೌನ್‌ಹೌಸಿನ ಅಡುಗೆಮನೆಯಲ್ಲಿ ನಾನು ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ, ನನ್ನ ಗಂಡನ ಹಳೇ ಕೋಟು ತೊಟ್ಟುಕೊಂಡು, ಫ್ರಿಜ್ಜಿಗೆ ಒರಗಿ ನಿಂತು ಭಾಷಣ ಬಿಗಿಯುತ್ತಿದ್ದ. ವಯಸ್ಸು ಹದಿನಾರು. ನನ್ನ ಮಗಳು.

ಸ್ಕೂಲಿನ ಅಮೆರಿಕನ್ ಹಿಸ್ಟರಿ ಕ್ಲಾಸಿನಲ್ಲಿ ಟೀಚರು ಎಲ್ಲರ ಕೈಯಲ್ಲೂ ಚೀಟಿ ಎತ್ತಿಸಿದ್ದರು. ಯಾರ ಹೆಸರು ಬರುತ್ತದೋ ಅವರ ಹಾಗೆ ಕ್ಲಾಸಿನ ಮುಂದೆ ಕೂತು, ಎಲ್ಲರ ಪ್ರಶ್ನೆಗೂ ಅವರಾಗಿಯೇ ಉತ್ತರ ಕೊಡಬೇಕು. ಅವಳ ಗೆಳತಿಗೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿಬಂದ ಹೆಂಗಸು ಸಿಕ್ಕಿದ್ದಳು. ನಮ್ಮವಳಿಗೆ ಸಿಕ್ಕವನು ನೂರು ವರ್ಷದ ಹಿಂದಿನ, ಅಮೆರಿಕದ ದಕ್ಷಿಣ ರಾಜ್ಯವೊಂದರ ಬಿಳಿಯ ಸೆನೆಟರ್.

ಹತ್ತಿ ಬೆಳೆಯುವ ಸೀಮೆಯ ವಕೀಲ ಅವನು. ತನ್ನ ರಾಜ್ಯದ ಹೊಸ ಸಂವಿಧಾನ ಬರೆಯುವವರ ನಡುವೆ ಕೂತು, ಕಪ್ಪು ಜನ ವೋಟು ಹಾಕದಂತೆ ನಿಯಮ ಹೆಣೆದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ. ವೋಟು ಬೇಕಾದರೆ ಓದು ಬರಹದ ಪರೀಕ್ಷೆ ಪಾಸು ಮಾಡಬೇಕು. ಪಾಸೋ ಫೇಲೋ ಹೇಳುವವನು ಒಬ್ಬ ಬಿಳಿ ಗುಮಾಸ್ತ. ಹಾಗಾದರೆ ಓದು ಬಾರದ ಬಿಳಿಯರ ಗತಿ? ಅವರಿಗೊಂದು ಕಿಂಡಿ ಬಿಟ್ಟಿದ್ದ. ನಿನ್ನ ತಾತ ವೋಟು ಹಾಕಿದ್ದನೇ? ಹಾಕಿದ್ದರೆ ನಿನಗೆ ಪರೀಕ್ಷೆಯೇ ಇಲ್ಲ. ಕಪ್ಪು ಜನರ ತಾತಂದಿರು ಗುಲಾಮರಾಗಿದ್ದವರು, ಅವರಿಗೆಲ್ಲಿಯ ವೋಟು! ಆ ಪುಣ್ಯದಿಂದಲೇ ವಾಷಿಂಗ್ಟನ್ನಿಗೆ ಹೋದ, ಮುದುಕನಾಗುವವರೆಗೂ ಗೆಲ್ಲುತ್ತಲೇ ಇದ್ದ. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ತಡೆಯಲು ಕಾಯಿದೆ ಬಂದಾಗ, ಅದು ವೋಟಿಗೇ ಬರದಂತೆ ದಿನಗಟ್ಟಲೆ ಎದ್ದು ನಿಂತು ಮಾತಾಡಿ ಮಾತಾಡಿ ಅದನ್ನು ಅಲ್ಲೇ ಮಲಗಿಸಿದ.

“ಅಮ್ಮ, ಯು ನೋ ವಾಟ್, ಅವನು ಒಂದು ಕೆಟ್ಟ ಮಾತೂ ಆಡಲ್ಲ,” ಅಂದಳು ಮಗಳು. “ಹೀ ಈಸ್ ಸೋ ಪೊಲೈಟ್. ನಿನ್ನ ತಾತ ಯಾರು ಅಂತ ಕೇಳ್ತಾನೆ, ದಟ್ಸ್ ಆಲ್.”

ನನ್ನ ಸಾಸಿವೆ ಸೀದುಹೋಯಿತು.

ಯಾಕೆಂದರೆ ಅವಳ ತಾತ ಯಾರು ಎಂದು ಅವಳಿಗೇ ಗೊತ್ತಿರಲಿಲ್ಲ. ಚಾಮರಾಜನಗರದ ಕಡೆ ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು, ರಿಟೈರಾಗಿ ದನ ಸಾಕಿಕೊಂಡಿದ್ದಾರೆ, ಅಷ್ಟು ಗೊತ್ತು. ಅವರು ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವರು, ನಾವು ದಲಿತರು ಎಂದು ನಾವಿಬ್ಬರೂ ಅವಳಿಗೆ ಹೇಳಿರಲಿಲ್ಲ. ಸಾಗರ ದಾಟಿ ಬಂದಿದ್ದೇವೆ, ಈ ಒಂದು ಮೂಟೆಯನ್ನಾದರೂ ಮಗಳ ತಲೆ ಮೇಲೆ ಹೊರಿಸುವುದು ಬೇಡ ಎಂದು ನನ್ನ ಗಂಡನ ವಾದ. ಹೇಳಬೇಕು, ಆದರೆ ನನ್ನ ಬಾಯಿಂದಲೇ ಹೇಳಬೇಕು, ಬೇರೆಯವರ ಮೂತಿ ತಿರುವಿನಿಂದ ಅವಳಿಗೆ ಗೊತ್ತಾಗಬಾರದು ಎಂದು ನನ್ನದು. ಆ ಒಂದು ಭಯ ಇಟ್ಟುಕೊಂಡೇ ನಾನು ಇಲ್ಲಿನ ಕನ್ನಡದವರ ಮನೆಗಳಿಗೆ ಹೋಗಿ ಬರುತ್ತಿದ್ದೆ.

ನನ್ನ ಅಪ್ಪ ಮನೆಯಲ್ಲಿ ಲೋಟಗಟ್ಟಲೆ ಟೀ ಕುಡಿಯುತ್ತಾರೆ. ಹೊರಗೆ ಒಂದು ಹನಿ ಮುಟ್ಟುವುದಿಲ್ಲ. ಊರಿಗೆ ಹೋದಾಗ ಮೈಸೂರಿನ ಹೋಟೆಲಿನಲ್ಲಿ ಮಗಳು ಎಷ್ಟು ಪುಸಲಾಯಿಸಿದರೂ “ನಂಗೆ ಆಗಕಿಲ್ಲ ಕನವ್ವ” ಅಂದುಬಿಟ್ಟಿದ್ದರು. ತಾತನಿಗೆ ಜರ್ಮ್ಸ್ ಭಯ ಎಂದು ಅವಳು ರೇಗಿಸುತ್ತಿದ್ದಳು. ನಾನೂ ನಕ್ಕಿದ್ದೆ.

ಸಂಕ್ರಾಂತಿ ಬಂತು. ವಿಟ್ಬಿ ಎಂಬ ಊರಲ್ಲಿದ್ದ ಹಿರಿಯ ಮೈಸೂರು ದಂಪತಿಯ ಮನೆಯಲ್ಲಿ ಪ್ರತಿ ವರ್ಷ ಎಳ್ಳು ಬೀರುವುದು, ಊಟ. ಆ ಮನೆಯಾಕೆಯನ್ನು ಕಂಡರೆ ನನಗೆ ನಿಜವಾದ ಅಕ್ಕರೆ ಇತ್ತು. ನಾವು ಬಂದ ಹೊಸದರಲ್ಲಿ ಮಗಳಿಗೆ ಸ್ನೋ ಬೂಟು ಕೊಡಿಸಿದವರು, ಹಿಮದ ಮೇಲೆ ಕಾರು ಓಡಿಸುವುದನ್ನು ಪಕ್ಕದಲ್ಲಿ ಕೂತು ಕಲಿಸಿದವರು ಅವರು. ಹಬ್ಬದೂಟಕ್ಕೆ ಯಾರು ಏನು ತರಬೇಕೆಂದು ಫೋನಿನಲ್ಲಿ ಹಂಚುವವರೂ ಅವರೇ. ಒಬ್ಬರಿಗೆ ಪೊಂಗಲ್, ಒಬ್ಬರಿಗೆ ಕೋಸಂಬರಿ, ಒಬ್ಬರಿಗೆ ಹುಳಿ. ನನಗೆ ಯಾವಾಗಲೂ ಪೇಪರ್ ಪ್ಲೇಟು, ಜ್ಯೂಸು. “ನೀವು ಬರ್ಲಿಂಗ್ಟನ್‌ವರೆಗೂ ಕೆಲಸಕ್ಕೆ ಹೋಗಿ ಬರ್ತೀರಿ, ಪಾಪ, ಸುಸ್ತಾಗಿರತ್ತೆ,” ಅನ್ನುತ್ತಿದ್ದರು. ನನ್ನಷ್ಟೇ ದೂರ ಹೋಗಿ ಬರುವವರು ಹುಳಿ ಮಾಡಿ ತರುತ್ತಿದ್ದರು.

ನಾನೂರ ಒಂದನೇ ನಂಬರಿನ ಹೆದ್ದಾರಿಯಲ್ಲಿ ಹಿಮ ಬೀಸುತ್ತಿತ್ತು. ಹಿಂದಿನ ಸೀಟಿನಲ್ಲಿ ಪ್ಲೇಟಿನ ಕಟ್ಟುಗಳ ಪಕ್ಕ ಮಗಳು ಕೋಟು ತೊಟ್ಟೇ ಕೂತಿದ್ದಳು. ಅಲ್ಲಿ ಪ್ರಾಕ್ಟೀಸ್ ಮಾಡುತ್ತಾಳಂತೆ. “ಬೇಡ ಕಣೆ,” ಅಂದೆ. “ವೈ ನಾಟ್?” ಅಂದಳು. ಸ್ಟೀರಿಂಗ್ ಹಿಡಿದಿದ್ದ ನನ್ನ ಗಂಡ ನನ್ನ ಕಡೆ ತಿರುಗಿ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು.

ಎಳ್ಳು, ಬೆಲ್ಲ, ಕೊಬ್ಬರಿ, ಕಬ್ಬಿನ ತುಂಡು ಎಲ್ಲ ಕೈಗೆ ಬಂತು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ ಎಲ್ಲರೂ ಎಲ್ಲರಿಗೂ ಹೇಳಿದ್ದಾಯಿತು. ಮಗಳು ಬಾಯಿತುಂಬ ಎಳ್ಳು ಅಗಿಯುತ್ತ ನಡುಮನೆಯಲ್ಲಿ ನಿಂತು ಸೆನೆಟರ್ ಆದಳು. ಚೆನ್ನಾಗಿಯೇ ಮಾಡಿದಳು, ಹಾಳಾದವಳು. ನಾನು ಯಾರ ಶತ್ರುವೂ ಅಲ್ಲ, ನಮ್ಮ ಪದ್ಧತಿ ನಮಗೆ, ಅವರ ಪದ್ಧತಿ ಅವರಿಗೆ, ನಡುವೆ ಜಗಳ ತರುವವರು ಹೊರಗಿನವರು ಎಂದು ಸೆನೆಟರನ ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದಾಗ, ಮನೆಯ ಯಜಮಾನರು ಚಪ್ಪಾಳೆ ತಟ್ಟಿದರು.

“ಅವನ ಮಾತಲ್ಲೂ ಒಂದು ಪಾಯಿಂಟ್ ಇದೆ ರೀ,” ಅಂದರು.

ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಹೆಂಗಸೊಬ್ಬರು ಮಗಳ ಗಲ್ಲ ಮುಟ್ಟಿ ಮೆಚ್ಚಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ನಿಮ್ಮೂರು ಯಾವುದು, ಅದರ ಪಕ್ಕದ ಊರು ಯಾವುದು, ತಂದೆಯವರ ಹೆಸರೇನು. ನಾನು ಜಾರಿಕೊಂಡೆ. ಕೊನೆಗೆ ನಗುನಗುತ್ತಲೇ, “ನಿಮ್ಮ ಮನೆದೇವರು ಯಾವುದು?” ಅಂದರು.

ನಮ್ಮಲ್ಲಿ ಜಾತಿ ಕೇಳುವುದು ಅಸಭ್ಯತೆ, ಮನೆದೇವರು ಕೇಳುವುದು ಸಂಸ್ಕಾರ. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ತಯಾರಿರುತ್ತಿತ್ತು. ನಂಜನಗೂಡಿನ ನಂಜುಂಡೇಶ್ವರ ಅನ್ನುತ್ತಿದ್ದೆ. ಅಲ್ಲಿಗೆ ಎಲ್ಲರೂ ಹೋಗುತ್ತಾರೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಅದೇ ಕೋಟಿನಲ್ಲಿ ನಿಂತು ಪಕಪಕ ನಕ್ಕುಬಿಟ್ಟಳು.

“ಆಂಟೀ! ದಟ್ಸ್ ಮೈ ಕ್ವೆಶ್ಚನ್! ಅಪ್ಪ ಯಾರು, ತಾತ ಯಾರು, ಅದು ಸೆನೆಟರ್ ಕೇಳೋದು!”

ಯಾರೂ ನಗಲಿಲ್ಲ. ಕೆಲವರು ತಮ್ಮ ಕೈಯಲ್ಲಿದ್ದ ಎಳ್ಳುಬೆಲ್ಲ ನೋಡಿಕೊಂಡರು. ಮನೆಯಾಕೆ ದಡಬಡಿಸಿ ಎದ್ದು, “ಬನ್ನಿ ಬನ್ನಿ, ಪೊಂಗಲ್ ಆರೋಗತ್ತೆ,” ಅಂದರು. ತಪ್ಪಿಸಿಕೊಳ್ಳಲು ದಾರಿ ತೆರೆದೇ ಇತ್ತು, ನಾನೂ ತಟ್ಟೆ ಹಿಡಿದು ಊಟಕ್ಕೆ ಹೋಗಬಹುದಿತ್ತು. ಆದರೆ ಮಗಳ ಮುಖದಲ್ಲಿ ನಗು ಇಳಿಯುತ್ತಿತ್ತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು, ಕೊನೆಗೆ ನನ್ನದನ್ನು. ನಾನು ಹೆದರಿದ್ದು ಇದೇ ಗಳಿಗೆಗೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

“ನಮ್ಮ ಮನೆದೇವರು ನಮ್ಮ ಕೇರಿಯ ಮಾರಮ್ಮ,” ಅಂದೆ. ಹೇಳಿದ್ದು ಆ ಹೆಂಗಸಿಗಲ್ಲ, ಮಗಳಿಗೆ. “ನಾವು ದಲಿತರು. ನಿನ್ನ ತಾತ ಮೇಷ್ಟ್ರಾದ ಮೇಲೂ ಊರಿನ ಹೋಟೆಲಿನಲ್ಲಿ ಅವರ ಲೋಟವನ್ನ ಹೊರಗಿನ ಗೋಡೆ ಗೂಡಲ್ಲಿ ಇಟ್ಟಿರೋರು. ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಇಡಬೇಕಿತ್ತು. ಒಂದು ದಿನ, ಅಲ್ಲಿ ಕೆಲಸಕ್ಕೆ ಸೇರಿದ್ದ ಅವರ ಸ್ಟೂಡೆಂಟೇ ಲೋಟ ಸೋಕದ ಹಾಗೆ ಮೇಲಿಂದ ಟೀ ಹುಯ್ದ. ಅವತ್ತಿಂದ ಅವರು ಹೊರಗೆ ಟೀ ಕುಡಿದಿಲ್ಲ. ಜರ್ಮ್ಸ್ ಅಲ್ಲ ಕಣೆ.”

ಮನೆಯಾಕೆ ನನ್ನ ತೋಳು ಹಿಡಿದರು. ಅವರ ದನಿ ಮೃದುವಾಗಿಯೇ ಇತ್ತು. “ಇದೆಲ್ಲ ಯಾಕೆ ಈಗ? ನಂಗೆ ಮೊದಲೇ ಗೊತ್ತಿತ್ತು ಕಣ್ರೀ. ನಿಮಗೂ ಮುಜುಗರ ಆಗ್ಬಾರ್ದು, ಉಳಿದೋರಿಗೂ ಕಷ್ಟ ಆಗ್ಬಾರ್ದು ಅಂತ ತಾನೇ ನಿಮಗೆ ಪ್ಲೇಟು, ಜ್ಯೂಸು ಹೇಳ್ತಿದ್ದಿದ್ದು? ನಾನು ಯಾವತ್ತಾದ್ರೂ ಒಂದು ಕೆಟ್ಟ ಮಾತು ಆಡಿದೀನಾ?”

“ಇಲ್ಲ,” ಅಂದೆ. “ಒಂದೂ ಆಡಿಲ್ಲ.”

ನಿಜಕ್ಕೂ ಆಡಿರಲಿಲ್ಲ. ಅದೇ ನನ್ನನ್ನು ಚುಚ್ಚಿತು. ಆ ಹೊಸ ಹೆಂಗಸಿನ ಮೇಲೆ ಬಂದಿದ್ದ ಸಿಟ್ಟು ಯಾವುದೋ ಮೂಲೆಗೆ ಹೋಯಿತು, ಈ ಅಕ್ಕರೆಯ ಕೈಯನ್ನು ತೋಳಿನಿಂದ ಬಿಡಿಸಿಕೊಳ್ಳುವುದು ನನಗೆ ಬಹಳ ಕಷ್ಟವಾಯಿತು. ಮಗಳು ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡಳು. ನನ್ನ ಗಂಡ ಆಗಲೇ ಬೂಟು ಹಾಕಿಕೊಳ್ಳುತ್ತಿದ್ದರು. ಊಟ ಮಾಡದೆ ಹೊರಟೆವು.

ಕಾರು ಮತ್ತೆ ಹೆದ್ದಾರಿ ಹಿಡಿಯಿತು. ಆಮೇಲೆ ಅವಳು ಅಳು ಬೆರೆತ ಸಿಟ್ಟಿನಲ್ಲಿ, “ಯು ಲೆಟ್ ಮಿ ಬಿ ಹಿಮ್. ಅವರ ಮುಂದೆ. ಅವರು ಕ್ಲ್ಯಾಪ್ ಮಾಡಿದ್ರು ಅಮ್ಮ,” ಅಂದಳು. ನನಗೂ ಅಳು ಬಂತು. ಇನ್ನು ಆ ಸೆನೆಟರ್ ಪಾತ್ರ ಮಾಡುವುದೇ ಇಲ್ಲ ಅಂದಳು.

“ಮಾಡು,” ಅಂದರು ನನ್ನ ಗಂಡ, ರಸ್ತೆಯಿಂದ ಕಣ್ಣು ತೆಗೆಯದೆ. “ಎಷ್ಟು ಒಳ್ಳೇವನ ಥರ ಮಾತಾಡ್ತಾನೆ ಅಂತ ಎಲ್ರಿಗೂ ಕೇಳಿಸಲಿ.” ಮಗಳಿಗೆ ಏನೂ ಗೊತ್ತಾಗುವುದು ಬೇಡ ಎಂದು ಇಷ್ಟು ವರ್ಷ ಹಟ ಹಿಡಿದಿದ್ದ ಮನುಷ್ಯ.

ಹೊಟ್ಟೆ ಹಸಿದಿತ್ತು. ಹೆದ್ದಾರಿ ಪಕ್ಕದ ಕಾಫಿ ಅಂಗಡಿಯಲ್ಲಿ ನಿಲ್ಲಿಸಿದೆವು. ಇಲ್ಲಿ ಸಂಜೆ, ಊರಲ್ಲಿ ನಸುಕು. ಅಪ್ಪ ಎದ್ದು ದನಕ್ಕೆ ಹುಲ್ಲು ಹಾಕುವ ಹೊತ್ತು. ನಾನು ಬೇಡವೆನ್ನುವ ಮೊದಲೇ ಮಗಳು ವಿಡಿಯೋ ಕಾಲ್ ಹಚ್ಚಿದ್ದಳು. ಮಫ್ಲರ್ ಸುತ್ತಿದ ಅಪ್ಪನ ಮುಖ ಬಂತು. “ತಾತ,” ಅಂದು ಕೈಯಲ್ಲಿದ್ದ ಲೋಟವನ್ನು ಗಟ್ಟಿಯಾಗಿ ಹಿಡಿದಳು. ಅಪ್ಪ ಅವಳ ಕಣ್ಣು ನೋಡಿದರು, ನನ್ನನ್ನು ನೋಡಿದರು. ಏನಾಯಿತೆಂದು ಕೇಳಲಿಲ್ಲ.

“ಏನವ್ವ ಅದು, ಕೈಲಿ?” ಅಂದರು.

“ಟೀ, ತಾತ.”

“ಲೋಟ ಪೇಪರ್‌ದಾ?”

“ಹೂಂ.”

“ಕುಡುದ್ಮೇಲೆ ಏನ್ ಮಾಡೀರಿ ಅದ್ನ?”

“ಬಿಸಾಕ್ತೀವಿ.”

“ಎಲ್ಲಾರ್ದೂವಾ?”

ಅವಳು ಅಂಗಡಿಯ ಸುತ್ತ ಒಮ್ಮೆ ನೋಡಿದಳು. ಲಾರಿ ಡ್ರೈವರುಗಳು, ಹಾಕಿ ಆಡಿ ಬಂದ ಹುಡುಗರು, ಕೌಂಟರಿನ ಹಿಂದೆ ಟೋಪಿ ಹಾಕಿದ ಹುಡುಗಿ.

“ಎಲ್ಲರದ್ದೂ, ತಾತ.”

“ಹಂಗಾರೆ ನಂಗೂ ಒಂದ್ ಹೇಳವ್ವ,” ಅಂದರು ಅಪ್ಪ.

ಅವಳು ಫೋನನ್ನು ನನ್ನ ಕೈಗಿಟ್ಟು, ಎದ್ದು ಹೋಗಿ ಸಾಲಿನಲ್ಲಿ ನಿಂತಳು.